ವಾರಕ್ಕೊಂದು ಪುಟ: ಚಿತ್ರಗಾರ ಹ್ಯಾಲ್ ಫಾಸ್ಟರನ ಬಾಳು

ಪತ್ರಿಕೆ ಕೈಗೆ ಬಂದೊಡನೆ ಮುಖಪುಟದ ರಾಜಕಾರಣವನ್ನು ಬದಿಗೊತ್ತಿ ಒಳಪುಟದ ಚಿತ್ರಕಥೆಯನ್ನು ಹುಡುಕುವವರು ಎಲ್ಲ ದೇಶಗಳಲ್ಲಿಯೂ ಉಂಟು. ಅವರನ್ನು ಕಂಡು ನಗುವವರೂ ಉಂಟು. ವೃತ್ತಪತ್ರಿಕೆಯ ಆಯುಷ್ಯವೇ ಒಂದು ದಿನ. ಮರುದಿನ ಅದು ಅಂಗಡಿಯ ಪೊಟ್ಟಣದ ಕಾಗದವಾಗುತ್ತದೆ, ಇಲ್ಲವೆ ನಮ್ಮ ಹೋಟೆಲುಗಳಲ್ಲಿ ವಡೆಯ ಎಣ್ಣೆಯನ್ನು ಹೀರುವ ಕೆಲಸಕ್ಕೆ ಬರುತ್ತದೆ. ಅಂತಹ ಕಾಗದದ ಮೇಲೆ ಅಚ್ಚಾಗುವ ಚಿತ್ರಕ್ಕಾಗಿ ತನ್ನ ಆಯುಷ್ಯದ ಅತ್ಯುತ್ತಮ ವರ್ಷಗಳನ್ನು ಸವೆಸಿದವನು ಹೆರಾಲ್ಡ್ ಫಾಸ್ಟರ್. ಹ್ಯಾಲ್ ಫಾಸ್ಟರ್ ಎಂಬ ಚಿಕ್ಕ ಹೆಸರಿನಿಂದ ಪ್ರಸಿದ್ಧನಾದ ಈತನು ‘ಪ್ರಿನ್ಸ್ ವೇಲಿಯಂಟ್’ ಎಂಬ ಸಾಹಸಕಥೆಯನ್ನು ಅಮೆರಿಕದ ಭಾನುವಾರದ ಪತ್ರಿಕೆಗಳಿಗಾಗಿ 1937ರಿಂದ 1971ರ ವರೆಗೆ, ವಾರಕ್ಕೊಂದು ಪುಟದಂತೆ, ತಾನೇ ಕಥೆ ಕಟ್ಟಿ ತಾನೇ ಚಿತ್ರಿಸಿದನು. ಹೀಗಿದ್ದರೂ ಮೊದಲಲ್ಲಿ ಈ ಉದ್ಯೋಗವೆಂದರೆ ಆತನಿಗೆ ನಾಚಿಕೆಯಾಗುತ್ತಿತ್ತು.

ಮುಂಬಯಿಯಿಂದ 1964ರಲ್ಲಿ ಹೊರಡತೊಡಗಿದ ಇಂದ್ರಜಾಲ ಕಾಮಿಕ್ಸಿನ ಮೂಲಕ ಫ್ಯಾಂಟಮನು ನಮ್ಮವರಿಗೆ ಪರಿಚಿತನಾದಷ್ಟು ವೇಲಿಯಂಟನು ಆಗಲಿಲ್ಲ. ಆದರೆ ಟಾರ್ಜನನನ್ನು ಅರಿಯದವರು ಯಾರು? ಆ ಟಾರ್ಜನನಿಗೆ ಪತ್ರಿಕೆಯ ಪುಟದಲ್ಲಿ ಮೊದಲು ರೂಪ ಕೊಟ್ಟ ಕೈ ಕೂಡ ಈ ಫಾಸ್ಟರನದೇ.

ಫಾಸ್ಟರನು ಹುಟ್ಟಿದುದು ಕೆನಡಾ ದೇಶದ ಪೂರ್ವ ಕರಾವಳಿಯ ಹ್ಯಾಲಿಫ್ಯಾಕ್ಸ್ ಎಂಬ ರೇವುಪಟ್ಟಣದಲ್ಲಿ, 1892ರ ಆಗಸ್ಟ್ 16ರಂದು. ಎಳವೆಯಲ್ಲಿಯೇ ತಂದೆ ತೀರಿಕೊಂಡನು, ತಾಯಿ ಮರುಮದುವೆಯಾದಳು. ಕಡಲ ಮಗ್ಗುಲಲ್ಲಿ ಬೆಳೆದ ಹುಡುಗನಿಗೆ ಹಾಯಿದೋಣಿ ನಡೆಸುವುದು ಆಟವೂ ವಿದ್ಯೆಯೂ ಆಗಿತ್ತು. ಮನೆಯ ಹಣಕಾಸಿನ ಸ್ಥಿತಿ ಇಳಿಮುಖವಾಗಲು, 1906ರಲ್ಲಿ ಕುಟುಂಬವು ಸಮುದ್ರವನ್ನು ಬಿಟ್ಟು ಸಾವಿರಾರು ಮೈಲು ಒಳನಾಡಿನ ವಿನಿಪೆಗ್ ನಗರಕ್ಕೆ ಗುಳೆ ಹೋಯಿತು. ಕಣ್ಣು ಹರಿದಷ್ಟು ದೂರ ಬಯಲು. ಚಳಿಗಾಲದಲ್ಲಿ ಮೂಳೆ ಕೊರೆಯುವ ಹಿಮ. ಹದಿನಾಲ್ಕರ ಹುಡುಗನ ಶಾಲೆ ಅಲ್ಲಿಗೆ ಮುಗಿಯಿತು, ದುಡಿಮೆ ಆರಂಭವಾಯಿತು.

ಶಾಲೆ ಬಿಟ್ಟವನು ಓದನ್ನು ಬಿಡಲಿಲ್ಲ. ಊರಿನ ಸಾರ್ವಜನಿಕ ಗ್ರಂಥಾಲಯವೇ ಆತನ ವಿದ್ಯಾಶಾಲೆಯಾಯಿತು. ಚಿತ್ರ ಬರೆಯಬೇಕೆಂಬ ಹಂಬಲ ಹೇಗೋ ಅಂಟಿಕೊಂಡಿತ್ತು; ಕಲಿಸುವವರಿಲ್ಲ, ಮುಂದೆ ನಿಲ್ಲುವ ಮಾದರಿಗೆ ಕೂಲಿ ಕೊಡಲು ಕಾಸಿಲ್ಲ. ಆಗ ಆತನು ಕಂಡುಕೊಂಡ ಉಪಾಯವು ಅವನ ವೃತ್ತಾಂತವನ್ನು ಬರೆದವರೆಲ್ಲರೂ ಹೇಳುವಂತಹದು. ಕಾವಿಲ್ಲದ ಕೋಣೆಯಲ್ಲಿ ಬಟ್ಟೆ ಕಳಚಿ ಕನ್ನಡಿಯ ಮುಂದೆ ನಿಂತು ತನ್ನ ದೇಹವನ್ನೇ ನೋಡಿ ಚಿತ್ರಿಸುವನು. ಆ ಚಳಿಯಲ್ಲಿ ಬಹಳ ಹೊತ್ತು ನಿಲ್ಲುವಂತಿಲ್ಲ. ಆದುದರಿಂದ ಕೈ ಬೇಗನೆ ಓಡಬೇಕು, ಗೆರೆ ತಪ್ಪಬಾರದು. ಮುಂದೆ ವಾರವಾರವೂ ಕುದುರೆಗಳನ್ನೂ ಕೋಟೆಗಳನ್ನೂ ಸೈನ್ಯಗಳನ್ನೂ ಗಡುವಿನೊಳಗೆ ಮುಗಿಸಬೇಕಾಗಿದ್ದ ಕೈಗೆ ಇದಕ್ಕಿಂತ ಕಠಿಣವಾದ ಗುರು ದೊರೆಯುತ್ತಿರಲಿಲ್ಲವೇನೋ.

ಹದಿನೆಂಟರ ಹೊತ್ತಿಗೆ ಹಡ್ಸನ್ ಬೇ ಕಂಪನಿ ಎಂಬ ಹಳೆಯ ವರ್ತಕ ಸಂಸ್ಥೆಯಲ್ಲಿ ಚಿತ್ರಗಾರನ ಕೆಲಸ ಸಿಕ್ಕಿತು. ದೂರದ ಬಯಲುಗಳಲ್ಲಿ ನೆಲೆಸಿದ್ದ ರೈತರಿಗೆ ಆ ಕಂಪನಿಯು ಸರಕನ್ನು ಅಂಚೆಯ ಮೂಲಕ ಕಳುಹಿಸುತ್ತಿತ್ತು. ಅದಕ್ಕಾಗಿ ದಪ್ಪವಾದ ಸಚಿತ್ರ ಬೆಲೆಪಟ್ಟಿಯನ್ನು ಅಚ್ಚು ಹಾಕಿಸುತ್ತಿತ್ತು. ಅಂಗಿ, ಕೋಟು, ಹೆಂಗಸರ ಒಳ ಉಡುಪು—ಇವುಗಳ ಚಿತ್ರಗಳನ್ನು ಬರೆಯುವುದು ಫಾಸ್ಟರನ ಪಾಲಿನ ಕೆಲಸ. ವೀರರನ್ನು ಚಿತ್ರಿಸಬೇಕಾದವನು ಒಳ ಉಡುಪಿನ ಲೇಸನ್ನು ಚಿತ್ರಿಸುತ್ತ ಕುಳಿತನೆಂದು ನಗಬಹುದು. ಆದರೆ ಬೆಲೆಪಟ್ಟಿಯ ಚಿತ್ರಗಾರನು ಗುಂಡಿಗಳ ಲೆಕ್ಕವನ್ನು ತಪ್ಪಿಸುವಂತಿಲ್ಲ, ಹೊಲಿಗೆಯನ್ನು ಮರೆಸುವಂತಿಲ್ಲ. ಚಿತ್ರವನ್ನು ನಂಬಿ ಹಣ ಕಳುಹಿಸುವವನು ನೂರಾರು ಮೈಲು ಆಚೆ ಕುಳಿತಿರುತ್ತಾನೆ. ವೇಲಿಯಂಟನ ಕಥೆಯಲ್ಲಿ ಕುದುರೆಯ ಜೀನು, ಕತ್ತಿಯ ಪಟ್ಟಿ, ಅಡಿಗೆಮನೆಯ ಹಂಡೆ ಇವೆಲ್ಲ ಕೈಯಿಂದ ಮುಟ್ಟಬಹುದೆಂಬಂತೆ ಕಾಣುವುದಕ್ಕೆ ಈ ಗುಮಾಸ್ತಗಿರಿಯಂತಹ ವರ್ಷಗಳೇ ಕಾರಣವೆಂದು ನನ್ನ ಎಣಿಕೆ.

1915ರಲ್ಲಿ ಹೆಲೆನ್ ವೆಲ್ಸ್ ಎಂಬ ಅಮೆರಿಕದ ಕನ್ಯೆಯೊಡನೆ ಮದುವೆಯಾಯಿತು, ಎರಡು ಗಂಡುಮಕ್ಕಳಾದವು. ಚಿತ್ರದ ಕೆಲಸ ಸಾಲದಾದಾಗ ಫಾಸ್ಟರನು ಕಾಡಿಗೆ ಹೊರಟನು. ಬೇಟೆಗೆ ಬರುವವರಿಗೆ ದಾರಿ ತೋರಿಸಿದನು. ತೊಗಟೆಯ ದೋಣಿಯಲ್ಲಿ ನದಿ ಸರೋವರಗಳನ್ನು ದಾಟಿ ಚಿನ್ನದ ಅದಿರನ್ನು ಹುಡುಕಿದನು. ಒಮ್ಮೆ ಅದಿರು ದೊರೆಯಿತು ಕೂಡ. ಅದನ್ನು ಅಗೆಯುತ್ತ ಕೆಲವು ವರ್ಷ ಬೆವರು ಸುರಿಸಿದ ಮೇಲೆ ಇತರರು ಆ ನೆಲವನ್ನು ಕಬಳಿಸಿಬಿಟ್ಟರು. ಕೈಯಲ್ಲಿ ಉಳಿದುದು ಪೆನ್ಸಿಲು ಮಾತ್ರ.

ಮೊದಲ ಮಹಾಯುದ್ಧ ಮುಗಿದ ಬಳಿಕ, ಮೂವತ್ತರ ಅಂಚಿಗೆ ಬಂದ, ಹೆಂಡತಿ ಮಕ್ಕಳಿರುವ ಈ ಸಂಸಾರಿಗನು ಇನ್ನೂ ಕಲಿಯಬೇಕೆಂದು ನಿಶ್ಚಯಿಸಿ ಬೈಸಿಕಲ್ಲನ್ನು ಏರಿದನು. ವಿನಿಪೆಗ್ಗಿನಿಂದ ಷಿಕಾಗೊ ಸುಮಾರು ಸಾವಿರ ಮೈಲು. ಆ ಕಾಲದ ಮಣ್ಣುದಾರಿಗಳಲ್ಲಿ ಪೆಡಲು ತುಳಿದು ಪರದೇಶದ ಮಹಾನಗರವನ್ನು ಸೇರಿ, ಅಲ್ಲಿ ಬಾಳಬಹುದೆಂದು ಕಂಡ ಮೇಲೆ ಸಂಸಾರವನ್ನು ಕರೆಸಿಕೊಂಡನು. ಹಗಲಿಡೀ ಜಾಹೀರಾತಿನ ಚಿತ್ರಗಳ ಕಾರ್ಖಾನೆಯಲ್ಲಿ ದುಡಿತ, ಸಂಜೆ ಕಲಾಶಾಲೆಯ ತರಗತಿ. ಹಗಲು ಹೋಟೆಲಿನ ಮೇಜು ಒರೆಸಿ ರಾತ್ರಿ ಮುಂಬಯಿಯ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ನಿದ್ದೆಯನ್ನು ತಡೆದುಕೊಂಡು ಕುಳಿತಿದ್ದ ನಮ್ಮ ಹಿರಿಯರಿಗೆ ಈ ದಿನಚರಿಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಫಾಸ್ಟರನು ಷಿಕಾಗೊದ ಒಳ್ಳೆಯ ಜಾಹೀರಾತು ಚಿತ್ರಗಾರರಲ್ಲಿ ಒಬ್ಬನಾದನು. ರೈಲ್ವೆ ಕಂಪನಿ, ಕಾಗದದ ಗಿರಣಿ, ದೋಣಿಯ ಎಂಜಿನು ಮಾಡುವವರು, ಎಲ್ಲರೂ ಅವನ ಗಿರಾಕಿಗಳು.

1928ರಲ್ಲಿ ಎಡ್ಗರ್ ರೈಸ್ ಬರೋಸನ ಟಾರ್ಜನ್ ಕಾದಂಬರಿಯನ್ನು ದಿನಪತ್ರಿಕೆಗಳಿಗೆ ಚಿತ್ರಮಾಲೆಯಾಗಿ ಒದಗಿಸುವ ಯೋಜನೆಯೊಂದು ಹೊರಟಿತು. ಆ ಕೆಲಸವು ಫಾಸ್ಟರನ ಮೇಜಿಗೆ ಬಂದಿತು. ದಿನಕ್ಕೆ ಐದು ಚಿತ್ರ, ಕೆಳಗೆ ಕಥೆಯ ಸಾರ. ಹತ್ತು ವಾರಗಳಲ್ಲಿ ಅರುವತ್ತು ಕಂತು, ಒಟ್ಟು ಮುನ್ನೂರು ಚಿತ್ರ. ಅಮೆರಿಕದ ಪತ್ರಿಕೆಗಳಲ್ಲಿ 1929ರ ಜನವರಿ 7ರಂದು ಅದು ಆರಂಭವಾಯಿತು. ಅದುವರೆಗೆ ಪತ್ರಿಕೆಯ ಚಿತ್ರಮಾಲೆಯೆಂದರೆ ಬಹುಮಟ್ಟಿಗೆ ನಗೆಯ ವಸ್ತು. ಉದ್ದ ಮೂಗು, ದೊಡ್ಡ ಬೂಟು, ಮನೆಯ ಜಗಳ. ಮನುಷ್ಯನ ದೇಹವನ್ನು ಸ್ನಾಯು ಮೂಳೆಗಳ ಲೆಕ್ಕ ತಪ್ಪದಂತೆ, ಮರವನ್ನು ಮರದಂತೆ, ಸಿಂಹವನ್ನು ಸಿಂಹದಂತೆ ತೋರಿಸಿದ ಈ ಚಿತ್ರಗಳು ಓದುಗರಿಗೆ ಹೊಸದಾಗಿ ಕಂಡುವು. ಹೆಚ್ಚು ಮಂದಿಗೆ ಹಿಡಿಸಿದುವು. ಚಿತ್ರಗಾರನಿಗೆ ಮಾತ್ರ ಹಿಡಿಸಲಿಲ್ಲ. ಕಷ್ಟಪಟ್ಟು ಕಲಿತ ವಿದ್ಯೆಯನ್ನು ಅಗ್ಗದ ಸರಕಿಗೆ ಮಾರಿಕೊಂಡೆನೆಂಬ ಸಂಕೋಚದಿಂದ ಆತನು ಹತ್ತು ವಾರ ಮುಗಿದೊಡನೆ ಜಾಹೀರಾತಿಗೆ ಹಿಂದಿರುಗಿದನು. ಟಾರ್ಜನನು ಬೇರೊಬ್ಬ ಚಿತ್ರಗಾರನ ಕೈಗೆ ಹೋದನು.

ಅಷ್ಟರಲ್ಲಿ 1929ರ ಆರ್ಥಿಕ ಕುಸಿತವು ಅಮೆರಿಕವನ್ನು ಅಪ್ಪಳಿಸಿತು. ಸರಕು ಕೊಳ್ಳುವವರಿಲ್ಲದಿದ್ದರೆ ಜಾಹೀರಾತು ಯಾರಿಗೆ? ಹೊಟ್ಟೆಯ ಪಾಡಿಗಾಗಿ ಫಾಸ್ಟರನು 1931ರ ಸೆಪ್ಟೆಂಬರ್ 27ರಿಂದ ಭಾನುವಾರದ ಬಣ್ಣದ ಟಾರ್ಜನ್ ಪುಟವನ್ನು ವಹಿಸಿಕೊಂಡನು. ಸಂಕೋಚ ಇನ್ನೂ ಹೋಗಿರಲಿಲ್ಲ. ಅದನ್ನು ಹೋಗಲಾಡಿಸಿದುದು ಓದುಗರ ಕಾಗದಗಳು. ತಾನು ಅರೆಮನಸ್ಸಿನಿಂದ ಬರೆದುದನ್ನು ಎಲ್ಲಿಯೋ ಇರುವ ಜನರು ಪೂರ್ಣ ಮನಸ್ಸಿನಿಂದ ನೋಡುತ್ತಿದ್ದಾರೆಂದು ತಿಳಿದಾಗ ಆತನ ನಾಚಿಕೆಯು ದಿಕ್ಕು ಬದಲಿಸಿತು. ಇನ್ನು ಮುಂದೆ ಆತನು ನಾಚಿದುದು ಕೆಲಸದ ಬಗ್ಗೆ ಅಲ್ಲ, ಕೆಲಸದಲ್ಲಿ ತೋರಿದ ಅಸಡ್ಡೆಯ ಬಗ್ಗೆ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಟಾರ್ಜನನ ಪುಟಗಳಲ್ಲಿ ಬಿಳಿಯನೊಬ್ಬನು ಕಾಡಿನ ಒಡೆಯ; ಆಫ್ರಿಕದ ಕರಿಯ ಜನರು ಬಹುತೇಕ ಭರ್ಜಿ ಹಿಡಿದು ಕುಣಿಯುವ ಮಂದೆ. ಮೂಲ ಕಥೆಗಾರನಾದ ಬರೋಸನು ಆಫ್ರಿಕದಲ್ಲಿ ಕಾಲಿಟ್ಟವನೇ ಅಲ್ಲ. ಫಾಸ್ಟರನು ಆ ಕಾಲದ ಬಿಳಿಯರ ಪೂರ್ವಗ್ರಹವನ್ನು ಪ್ರಶ್ನಿಸದೆ ಚಿತ್ರಿಸಿದನು. ಗೆರೆ ಎಷ್ಟು ಸುಂದರವಾಗಿದ್ದರೂ ಅದು ಹೇಳುವ ಮಾತು ಕುರೂಪವಾಗಿರಬಹುದೆಂಬುದಕ್ಕೆ ಆ ಪುಟಗಳು ನಿದರ್ಶನ. ಆತನನ್ನು ಮೆಚ್ಚುವವರು ಈ ಕಡೆಗೆ ಕಣ್ಣು ಮುಚ್ಚಿಕೊಳ್ಳುವುದುಂಟು, ಅದು ಸರಿಯಲ್ಲ.

ಟಾರ್ಜನನ ಕಥೆಗಳನ್ನು ಬೇರೆಯವರು ಬರೆದು ಕೊಡುತ್ತಿದ್ದರು. ಅವುಗಳ ತಿರುಳಿಲ್ಲದಿಕೆ ಫಾಸ್ಟರನನ್ನು ಚುಚ್ಚತೊಡಗಿತು. ಪರರ ಕಥೆಗೆ ಪರರ ನಾಯಕನನ್ನು ಚಿತ್ರಿಸುವುದಕ್ಕಿಂತ ತನ್ನದೇ ಒಂದು ಲೋಕವನ್ನು ಕಟ್ಟಬೇಕೆಂದು ಆತನು ಗುಟ್ಟಾಗಿ ಸಿದ್ಧತೆ ಮಾಡಿದನು. ಆರಿಸಿಕೊಂಡ ಕಾಲ ಇಂಗ್ಲೆಂಡಿನ ಐತಿಹ್ಯದ ಆರ್ಥರ್ ರಾಜನದು. ನಮ್ಮಲ್ಲಿ ವಿಕ್ರಮಾದಿತ್ಯನಿದ್ದಂತೆ ಅವರಿಗೆ ಆರ್ಥರ್; ಚರಿತ್ರೆ ಎಲ್ಲಿ ಮುಗಿದು ಕಥೆ ಎಲ್ಲಿ ಮೊದಲಾಗುತ್ತದೆಂದು ಹೇಳುವುದು ಕಷ್ಟ. ಒಂದೇ ಚಿತ್ರಕಥೆಯನ್ನು ನೂರಾರು ಪತ್ರಿಕೆಗಳಿಗೆ ಮಾರುವ ಕಿಂಗ್ ಫೀಚರ್ಸ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ‘ಪ್ರಿನ್ಸ್ ವೇಲಿಯಂಟ್’, ಎಂದರೆ ವೀರ ರಾಜಕುಮಾರ, ಎಂಬ ಹೆಸರೂ ಆ ಸಂಸ್ಥೆಯವರದೇ. ಅದರ ಒಡೆಯನಾದ ಪತ್ರಿಕಾ ಕುಬೇರ ಹರ್ಸ್ಟನು ಫಾಸ್ಟರನನ್ನು ಪಡೆಯಲು ಬಹುದಿನದಿಂದ ಹಾತೊರೆಯುತ್ತಿದ್ದನು. ಆದುದರಿಂದ ಆ ಕಾಲದಲ್ಲಿ ಅಪರೂಪವಾಗಿದ್ದ ಒಂದು ಹಕ್ಕು ಫಾಸ್ಟರನಿಗೆ ದೊರೆಯಿತು: ಕಥೆಯ ಒಡೆತನ ಚಿತ್ರಗಾರನದೇ ಆಯಿತು. ಚಿನ್ನದ ನೆಲವನ್ನು ಕಳೆದುಕೊಂಡವನು ಈ ಬಾರಿ ತನ್ನ ಗಡಿಕಲ್ಲನ್ನು ಭದ್ರವಾಗಿ ನೆಟ್ಟನು. 1937ರ ಫೆಬ್ರುವರಿ 13ರಂದು ಮೊದಲ ಪುಟ ಪ್ರಕಟವಾಯಿತು. ಆಗ ಆತನಿಗೆ ನಲುವತ್ತನಾಲ್ಕು ವರ್ಷ.

ಕಥೆ ಹೀಗೆ. ಥೂಲ್ ಎಂಬ ಉತ್ತರದ ರಾಜ್ಯದಿಂದ ಓಡಿಸಲ್ಪಟ್ಟ ಅರಸನೊಬ್ಬನು ಹೆಂಡತಿಯೊಡನೆ, ಎಳೆಯ ಮಗನೊಡನೆ ಇಂಗ್ಲೆಂಡಿನ ಜೌಗುನೆಲದಲ್ಲಿ ಆಶ್ರಯ ಪಡೆಯುತ್ತಾನೆ. ಆ ಮಗನೇ ವೇಲಿಯಂಟ್. ಅವನಿಗೆ ಬಾಳಿನಲ್ಲಿ ಎಂದೂ ಸಂತೃಪ್ತಿ ದೊರೆಯದೆಂದು ಮಾಟಗಾತಿಯೊಬ್ಬಳು ಭವಿಷ್ಯ ನುಡಿಯುತ್ತಾಳೆ. ಹುಡುಗನು ಆರ್ಥರನ ಆಸ್ಥಾನವನ್ನು ಸೇರುತ್ತಾನೆ, ವೀರನಾಗುತ್ತಾನೆ, ಹೂಣರೊಡನೆ ಕಾದಾಡುತ್ತಾನೆ, ರೋಮನ್ನು ಕಾಣುತ್ತಾನೆ. ಮೊದಲು ಪ್ರೀತಿಸಿದ ಐಲೀನಳು ಕಡಲಪಾಲಾಗುತ್ತಾಳೆ. ಸಾಹಸಕಥೆಯಲ್ಲಿ ನಾಯಕಿಯು ಕೊನೆಯ ಗಳಿಗೆಯಲ್ಲಿ ಬದುಕಿ ಬರುವುದು ವಾಡಿಕೆ, ಇಲ್ಲಿ ಬರಲಿಲ್ಲ. ಮುಂದೆ ಮಂಜಿನ ದ್ವೀಪಗಳ ರಾಣಿ ಆಲೆಟಾಳೊಡನೆ ವಿವಾಹವಾಗುವುದು 1946ರಲ್ಲಿ. ಹಿರಿಯ ಮಗ ಆರ್ನ್ ಹುಟ್ಟುವುದು 1947ರಲ್ಲಿ.

ಈ ವರ್ಷಗಳನ್ನು ಕೊಟ್ಟುದಕ್ಕೆ ಕಾರಣವಿದೆ. ಇತರ ಹೆಚ್ಚಿನ ಚಿತ್ರಕಥೆಗಳ ನಾಯಕರಿಗೆ ವಯಸ್ಸೇ ಆಗುವುದಿಲ್ಲ. ಅಜ್ಜನು ಓದಿದ ವೀರನೇ ಅದೇ ಮೀಸೆ, ಅದೇ ತೋಳುಗಳಿಂದ ಮೊಮ್ಮಗನಿಗೂ ಕಾಣಿಸಿಕೊಳ್ಳುತ್ತಾನೆ. ಫಾಸ್ಟರನು ಆ ಸೌಕರ್ಯವನ್ನು ಒಲ್ಲೆನೆಂದನು. ಅವನ ಹುಡುಗನು ಯುವಕನಾದನು, ಯುವಕನು ಗೃಹಸ್ಥನಾದನು, ಗೃಹಸ್ಥನು ಮಕ್ಕಳ ಚೇಷ್ಟೆಯಿಂದ ಬೇಸತ್ತನು. ಹೆಂಡತಿಯ ಬುದ್ಧಿಯ ಮುಂದೆ ಮಹಾವೀರನು ಸೋತು ಪೆಚ್ಚಾಗುವ ಪುಟಗಳು ಯುದ್ಧದ ಪುಟಗಳಿಗಿಂತ ಕಡಿಮೆಯಲ್ಲ, ರುಚಿಯಲ್ಲಿಯೂ ಕಡಿಮೆಯಲ್ಲ. 1937ರಲ್ಲಿ ವೇಲಿಯಂಟನಷ್ಟೇ ಎಳೆಯನಾಗಿದ್ದ ಓದುಗನು ಇಪ್ಪತ್ತು ವರ್ಷಗಳ ಬಳಿಕ ತನ್ನ ಮಕ್ಕಳನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಮಕ್ಕಳೊಂದಿಗನಾದ ವೇಲಿಯಂಟನನ್ನು ನೋಡುವಂತಾಯಿತು.

ಇನ್ನೊಂದು ವಿಶೇಷವೆಂದರೆ, ಪಾತ್ರಗಳ ಬಾಯಿಯಿಂದ ಗುಳ್ಳೆಯಂತೆ ಹೊರಟು ಚಿತ್ರವನ್ನು ಮುಚ್ಚುವ ಮಾತುಗಳು ಈ ಪುಟದಲ್ಲಿ ಇಲ್ಲ. ಕಥೆಯು ಚಿತ್ರದ ಅಂಚಿನಲ್ಲಿ ಗದ್ಯವಾಗಿ ನಡೆಯುತ್ತದೆ. ಇದರಿಂದ ಚಿತ್ರಕ್ಕೆ ವಿಸ್ತಾರ ಬಂತು. ಅರ್ಧ ಪುಟದಷ್ಟು ದೊಡ್ಡದಾದ ಒಂದೇ ಚಿತ್ರದಲ್ಲಿ ಕೋಟೆಯ ಮುತ್ತಿಗೆಯನ್ನು ತೋರಿಸುವುದು ಸಾಧ್ಯವಾಯಿತು. ನಷ್ಟವೂ ಇತ್ತು. ಕೆಲವು ಭಾನುವಾರ ಕಥೆ ಹೆಜ್ಜೆಯನ್ನೇ ಇಡದಂತೆ ತೋರುವುದು. ಏಳು ದಿನ ಕಾದವನಿಗೆ ಒಂದು ಹಿಮಪಾತ, ಒಂದು ಕುದುರೆಯ ಪಯಣ ಮಾತ್ರ. ಚಿತ್ರ ನೋಡಲು ಬಲ್ಲವನಿಗೆ ಅದು ಹಬ್ಬ, ಕಥೆ ಮಾತ್ರ ಬೇಕಾದವನಿಗೆ ಉಪವಾಸ.

ವಾರಕ್ಕೆ ಐವತ್ತು ತಾಸಿಗೂ ಮಿಕ್ಕಿ ಒಂದು ಪುಟಕ್ಕೆ ಹಿಡಿಯುತ್ತಿತ್ತು. ಕಾಡಿನ ದಿನಗಳು ವ್ಯರ್ಥವಾಗಿರಲಿಲ್ಲ: ಆಲೆಟಾಳನ್ನು ಕದ್ದೊಯ್ದ ಕಡಲುಗಳ್ಳನನ್ನು ಅಟ್ಟಿಕೊಂಡು ವೇಲಿಯಂಟನು ಅಟ್ಲಾಂಟಿಕ್ ದಾಟಿ ಅಮೆರಿಕದ ನದಿಗಳನ್ನು ಹೊಕ್ಕಾಗ, ನಯಾಗರ ಜಲಪಾತದ ಬಳಿಯ ಆ ಕಾಡು, ಆ ದೋಣಿ, ಆ ಚಳಿಗಾಲ ಎಲ್ಲವೂ ಕಣ್ಣಾರೆ ಕಂಡವನ ಚಿತ್ರಗಳು. ಅಲ್ಲಿಯ ಮೂಲನಿವಾಸಿಗಳು ಹೊಂಗೂದಲ ರಾಣಿಯನ್ನು ದೇವತೆಯೆಂದು ಭಾವಿಸಿದರೆಂಬ ಕಲ್ಪನೆಯಲ್ಲಿ ಮಾತ್ರ ಟಾರ್ಜನನ ಕಾಲದ ಹಳೆಯ ರೋಗ ಮತ್ತೆ ತಲೆಯೆತ್ತುತ್ತದೆ.

ಚರಿತ್ರೆಯ ವಿಷಯದಲ್ಲಿ ಫಾಸ್ಟರನು ಪಂಡಿತರಿಗೆ ಹಿಡಿದುಕೊಳ್ಳಲು ಬೇಕಾದಷ್ಟು ಜುಟ್ಟು ಬಿಟ್ಟಿದ್ದನು. ಕಥೆಯ ಕಾಲ ಕ್ರಿಸ್ತಶಕ ಐದನೆಯ ಶತಮಾನ. ರೋಮಿನ ಸೇನಾನಿ ಏಟಿಯಸನ ಕೊಲೆಯೂ ಅದರಲ್ಲಿ ಬರುತ್ತದೆ. ಆದರೆ ಕಲ್ಲಿನ ಕೋಟೆ, ಉಕ್ಕಿನ ಕವಚ, ವೀರರ ಪಂದ್ಯ ಇವೆಲ್ಲ ಏಳೆಂಟು ನೂರು ವರ್ಷ ಮುಂದಿನವು. ಕಡಲುಗಳ್ಳ ವೈಕಿಂಗರೂ ಮೂರು ನೂರು ವರ್ಷ ಮುಂಚಿತವಾಗಿ ಬಂದುಬಿಟ್ಟಿದ್ದಾರೆ. ಇದು ಅಜ್ಞಾನವಲ್ಲ. ಐದನೆಯ ಶತಮಾನದ ನಿಜವಾದ ಆರ್ಥರನು, ಅಂಥವನೊಬ್ಬನಿದ್ದರೆ, ಮಣ್ಣುದಿಬ್ಬದ ಮೇಲಿನ ಮರದ ಬೇಲಿಯೊಳಗೆ ವಾಸಿಸುತ್ತಿದ್ದಿರಬಹುದು. ಓದುಗನ ಕಣ್ಣಿನಲ್ಲಿದ್ದ ಆರ್ಥರನು ಗೋಪುರಗಳ ನಡುವೆ ಇದ್ದನು. ಫಾಸ್ಟರನು ಓದುಗನ ಪಕ್ಷ ವಹಿಸಿದನು. ಆದರೆ ಒಮ್ಮೆ ಆರಿಸಿದ ಕೋಟೆಯ ಸೇತುವೆ ಹೇಗೆ ಏಳುತ್ತದೆ, ಕಲ್ಲೆಸೆಯುವ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದರಲ್ಲಿ ಆತನು ಮೋಸ ಮಾಡಲಿಲ್ಲ. ಮೊದಮೊದಲ ಪುಟಗಳಲ್ಲಿದ್ದ ಪ್ರಾಚೀನ ರಾಕ್ಷಸಪ್ರಾಣಿಗಳನ್ನೂ ಮಂತ್ರಮಾಟಗಳನ್ನೂ ಬರಬರುತ್ತ ಕಡಿಮೆ ಮಾಡಿದುದು ಒಳ್ಳೆಯದೇ ಆಯಿತು. ಉಪಾಯದಿಂದ ಗೆಲ್ಲುವವನಿಗೆ ಮಂತ್ರದಂಡ ಬೇಕಿಲ್ಲ. ಹೆಬ್ಬಾತಿನ ಚರ್ಮವನ್ನು ಮುಖಕ್ಕೆ ಕಟ್ಟಿಕೊಂಡು ಭೂತದಂತೆ ಕೋಟೆಯೊಳಗೆ ನೆಗೆದ ವೇಲಿಯಂಟನ ಆ ಮೊದಲ ವರ್ಷದ ಚಿತ್ರವನ್ನೇ ನೆನೆದು, ಜ್ಯಾಕ್ ಕರ್ಬಿ ಎಂಬ ಇನ್ನೊಬ್ಬ ಪ್ರಸಿದ್ಧ ಚಿತ್ರಗಾರನು 1972ರಲ್ಲಿ ತನ್ನ ‘ಡೀಮನ್’ ಎಂಬ ಪಾತ್ರದ ಮುಖವನ್ನು ರೂಪಿಸಿದನು.

ಎರಡನೆಯ ಮಹಾಯುದ್ಧದಲ್ಲಿ ಕಾಗದದ ಅಭಾವ ಬಂದು ಪುಟಗಳು ಕುಗ್ಗಿದುವು. ಸ್ಥಳವಿಲ್ಲದ ಪತ್ರಿಕೆಗಳು ಪುಟದ ಕೆಳಭಾಗವನ್ನು ಕತ್ತರಿಸಿದರೂ ಮುಖ್ಯ ಕಥೆಗೆ ಧಕ್ಕೆ ತಗಲಬಾರದೆಂದು 1944ರಿಂದ 1945ರ ವರೆಗೆ ಆ ಭಾಗದಲ್ಲಿ ಮಧ್ಯಯುಗದ ಕೋಟೆಯೊಂದರ ಪುಟ್ಟ ಪ್ರತ್ಯೇಕ ಕಥೆಯನ್ನು ಆತನು ನಡೆಸಿದನು. ಕತ್ತರಿಸಿ ಬಿಸಾಡುವುದಕ್ಕೆಂದೇ ಬರೆದ ಆ ಚಿತ್ರಗಳಲ್ಲಿಯೂ ಗೆರೆಯ ಶ್ರದ್ಧೆ ಕುಂದಿಲ್ಲ. 1954ರಲ್ಲಿ ವೇಲಿಯಂಟನ ಕಥೆ ಹಾಲಿವುಡ್ಡಿನಲ್ಲಿ ಚಲಚ್ಚಿತ್ರವಾಯಿತು. 1957ರಲ್ಲಿ ಅಮೆರಿಕದ ಚಿತ್ರಗಾರರು ತಮ್ಮೊಳಗೆ ಕೊಡುವ ರೂಬೆನ್ ಪ್ರಶಸ್ತಿ ಫಾಸ್ಟರನಿಗೆ ಸಂದಿತು.

ಮುಪ್ಪು ಆತನ ಬೆರಳುಗಳಲ್ಲಿ ಮೊದಲು ಕಾಣಿಸಿಕೊಂಡಿತು. ಸಂಧಿವಾತದಿಂದ ಕುಂಚ ಹಿಡಿಯುವುದು ಕಷ್ಟವಾಗಲು, ಕೆಲವು ಚಿತ್ರಗಾರರಿಂದ ಮಾದರಿ ಪುಟಗಳನ್ನು ಬರೆಯಿಸಿ ನೋಡಿ, ಜಾನ್ ಕಲನ್ ಮರ್ಫಿ ಎಂಬವನನ್ನು ಆರಿಸಿದನು. 1971ರ ಮೇ 16ರ ಪುಟ, ಎಣಿಕೆಯಲ್ಲಿ 1,788ನೆಯದು, ಆತನ ಕೈಯಿಂದ ಪೂರ್ಣವಾಗಿ ಮೂಡಿದ ಕೊನೆಯದು. ಮುಂದೆಯೂ ಕಥೆ ಆತನದೇ; ಪುಟದ ಅಳವಡಿಕೆಯನ್ನು ಪೆನ್ಸಿಲಿನಿಂದ ಗುರುತು ಮಾಡಿ ಮರ್ಫಿಗೆ ಕಳುಹಿಸುತ್ತಿದ್ದನು. ಆ ಕೆಲಸವೂ 1980ರ ಫೆಬ್ರುವರಿ 10ರ ಪುಟದೊಡನೆ ನಿಂತಿತು. ಅಷ್ಟರಲ್ಲಿ ಒಡೆತನವನ್ನು ಕಿಂಗ್ ಫೀಚರ್ಸಿಗೆ ಮಾರಿಯಾಗಿತ್ತು. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಗೆ ಕೊಟ್ಟ ಅರಿವಳಿಕೆಯಿಂದ ಮುದುಕನ ನೆನಪು ಮಾಸಿತೆಂದೂ, ಟಾರ್ಜನನನ್ನಾಗಲಿ ವೇಲಿಯಂಟನನ್ನಾಗಲಿ ತಾನು ಚಿತ್ರಿಸಿದ್ದೆನೆಂಬುದೇ ಕಡೆಗಾಲದಲ್ಲಿ ಆತನಿಗೆ ತಿಳಿಯದಾಯಿತೆಂದೂ ಹೇಳುತ್ತಾರೆ.

ಫ್ಲಾರಿಡದ ಸ್ಪ್ರಿಂಗ್ ಹಿಲ್ ಎಂಬಲ್ಲಿ 1982ರ ಜುಲೈ 25ರಂದು, ತೊಂಬತ್ತು ತುಂಬಲು ಮೂರು ವಾರ ಉಳಿದಿರುವಾಗ, ಫಾಸ್ಟರನು ತೀರಿಕೊಂಡನು. ಅಂದು ಭಾನುವಾರ. ಮರ್ಫಿಯ ಚಿತ್ರ, ಮರ್ಫಿಯ ಮಗನ ಕಥೆಯೊಡನೆ ವೇಲಿಯಂಟನ ಆ ವಾರದ ಪುಟವು ಪತ್ರಿಕೆಗಳಲ್ಲಿ ಎಂದಿನಂತೆ ಬಂದಿತ್ತು.